ಓದುಗರ ಪ್ರಶ್ನೆಗಳು: ಹೊಳೆಯುವ ಉಕ್ಕಿನಲ್ಲಿ ಒಂದು ಗೀರು

ಪ್ರಶ್ನೆ: ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ, ಇಷ್ಟದ ವಿಷಯ ಭೌತಶಾಸ್ತ್ರ. ಮುಂದೆ ಮೆಟೀರಿಯಲ್ಸ್ ಸೈನ್ಸ್, ಅಂದರೆ ಲೋಹದಂಥ ವಸ್ತುಗಳ ಒಳಜೋಡಣೆ ಮತ್ತು ಗುಣಗಳ ಶಾಸ್ತ್ರ, ಓದುವ ಆಸೆ. ಅದು ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ಅಂತ ಸ್ನೇಹಿತರು ಹೇಳುತ್ತಾರೆ. ಹೌದಾ?

ಉತ್ತರ: ಖಂಡಿತ ಅಲ್ಲ. ನಾನೂ ಭೌತಶಾಸ್ತ್ರದಿಂದಲೇ ಬಂದವನು. ನಮ್ಮ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು ರಸಾಯನಶಾಸ್ತ್ರ ಓದಿದ್ದಳು, ಎದುರಿನವನು ಮೆಕ್ಯಾನಿಕಲ್. ನಾನು ‘ದೋಷ’ ಅಂದರೆ ಹರಳಿನಲ್ಲಿ ಒಂದು ಪರಮಾಣು ಇಲ್ಲದ ಜಾಗ. ಅವನು ‘ದೋಷ’ ಅಂದರೆ ಕಣ್ಣಿಗೆ ಕಾಣುವ ಬಿರುಕು. ಇಬ್ಬರೂ ಒಂದೇ ಪದ ಇಟ್ಟುಕೊಂಡು ವಾರಗಟ್ಟಲೆ ಜಗಳ ಆಡಿದ್ದೇವೆ. ಆ ಜಗಳದಲ್ಲಿ ಕಲಿತದ್ದು ಬಹಳ.

ಒಂದು ತುಂಡು ತಾಮ್ರದ ತಂತಿಯನ್ನು ಬಾಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಾಗಿಸಿ. ನಾಲ್ಕೈದು ಸಲಕ್ಕೇ ಬೆರಳಿಗೆ ಬಿಗಿ ತಗಲುತ್ತದೆ. ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ತಾಮ್ರ ಅದೇ ತಾಮ್ರ, ಬದಲಾದದ್ದು ಒಳಗಿನ ಜೋಡಣೆ. ಯಾಕೆ ಹೀಗೆ ಅಂತ ನಿಮಗೆ ಅನಿಸಿದರೆ ಸಾಕು, ಧೈರ್ಯವಾಗಿ ಸೇರಿ.

ಪ್ರಶ್ನೆ: ಮಗಳು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಕ್ಕೆ ಸೇರಿ ಮೂರು ವಾರವಾಯಿತು. ಫೋನ್ ಮಾಡಿದಾಗಲೆಲ್ಲ “ಲೋಹ ಉಜ್ಜುತ್ತಾ ಇದ್ದೀನಿ” ಅನ್ನುತ್ತಾಳೆ. ಇದೂ ಒಂದು ಸಂಶೋಧನೆಯೇ?

ಉತ್ತರ: ಹೌದು. ನಿಮ್ಮ ಮಗಳು ಈಗ ಕಲಿಯುತ್ತಿರುವುದೇ ಅಡಿಪಾಯ. ಅವಳನ್ನು ಅವಸರಪಡಿಸಬೇಡಿ.

ನನ್ನ ಮೊದಲ ತುಂಡು ನಾಣ್ಯದಷ್ಟು ಅಗಲದ ಉಕ್ಕು, ಅದರಲ್ಲಿ ಇಂಗಾಲ ನೂರಕ್ಕೆ 0.4 ಭಾಗ. 220ರ ಉಜ್ಜುವ ಕಾಗದದಲ್ಲಿ ಶುರು ಮಾಡಿ 400, 600, 800, 1200 ಅಂತ ಹೋಗಬೇಕು, ನಂಬರು ಹೆಚ್ಚಿದಷ್ಟೂ ಕಾಗದ ನಯ. ಕಾಗದ ಬದಲಿಸಿದಾಗೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು. ಹಿಂದಿನ ಗೀರು ಪೂರ್ತಿ ಹೋಗುವವರೆಗೂ ಮುಂದಿನ ಕಾಗದ ಮುಟ್ಟಬಾರದು. ಕೊನೆಗೆ ಒದ್ದೆ ಬಟ್ಟೆಯ ಚಕ್ರದ ಮೇಲೆ ವಜ್ರದ ಪೇಸ್ಟು, ಕನ್ನಡಿಯಂತೆ ಹೊಳೆಯುವ ತನಕ. ಆಮೇಲೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ನೂರಕ್ಕೆ ಎರಡು ಭಾಗ ನೈಟ್ರಿಕ್ ಆಮ್ಲ, ಕೆಲವೇ ಸೆಕೆಂಡು. ಹೊಳಪು ಮಂಕಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿಳಿ ಹರಳುಗಳು, ಅವುಗಳ ನಡುವೆ ಗೆರೆಗೆರೆಯ ಕಪ್ಪು ತೇಪೆಗಳು.

ನನಗೆ ಅವತ್ತು ಇನ್ನೊಂದೂ ಕಂಡಿತು, ತೆಳ್ಳನೆಯ ನೇರ ಗೆರೆಗಳು. ಹೊಸದೇನೋ ಸಿಕ್ಕಿತು ಅಂತ ಪುಸ್ತಕದಲ್ಲಿ ಚಿತ್ರ ಬರೆದೆ. ನನ್ನ ಗುರುಗಳು ನೋಡಿ, “ಈ ಗೆರೆ ಹರಳಿನ ಗಡಿಯಲ್ಲಿ ನಿಲ್ಲುತ್ತಾ?” ಅಂತ ಕೇಳಿದರು, ಅಷ್ಟೇ. ನಿಲ್ಲುತ್ತಿರಲಿಲ್ಲ. ಒಂದು ಹರಳಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಿ ಹೋಗುತ್ತಿತ್ತು. ಅದು ಉಕ್ಕಿನದಲ್ಲ, ನಾನು ಅವಸರದಲ್ಲಿ ಬಿಟ್ಟ 400ರ ಕಾಗದದ ಗೀರು. ಮತ್ತೆ 220ರಿಂದ ಶುರು ಮಾಡಿದೆ.

ಅದೇ ಉಕ್ಕಿನ ಇನ್ನೊಂದು ತುಂಡನ್ನು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಹಾಕಿದೆವು. ಬಿಳಿ ಹರಳು ಮಾಯ! ಎಲ್ಲೆಲ್ಲೂ ಸೂಜಿ ಚೆಲ್ಲಿದ ಹಾಗೆ. ಗಡುಸು ಎರಡು ಪಟ್ಟಿಗೂ ಜಾಸ್ತಿ. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಆದರೆ ನನ್ನ ಕೈಯಲ್ಲೇ ಉಜ್ಜಿದ ತುಂಡಿನಲ್ಲಿ ಅದನ್ನು ಕಂಡಾಗಲೇ ನಂಬಿಕೆ ಬಂದದ್ದು.

ಪ್ರಶ್ನೆ: ಭೌತಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳು ಇರುವಾಗ ಇದಕ್ಕೇ ಬೇರೆ ಕೇಂದ್ರ ಯಾಕೆ?

ಉತ್ತರ: 1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಬಿಸಿ, ಒತ್ತಡ ತಡೆಯುವ ಹೊಸ ವಸ್ತು ಬೇಕಿತ್ತು. ಅದು ಒಂದೇ ವಿಭಾಗದ ಕೈಗೆ ಸಿಗುವ ಕೆಲಸ ಆಗಿರಲಿಲ್ಲ. 1960ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಆರ್ಪಾ ಕಾರ್ನೆಲ್, ಪೆನ್ಸಿಲ್ವೇನಿಯಾ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟು, ಎಲ್ಲ ವಿಭಾಗದವರೂ ಸೇರಿ ಬಳಸುವ ಪ್ರಯೋಗಾಲಯ ಕಟ್ಟಿಸಿತು. 1972ರಲ್ಲಿ ಈ ಯೋಜನೆ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕೈಗೆ ಬಂತು.

ಉಪಕರಣಗಳ ಮಾತೂ ಇದೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆ ಬಿಡಿಯಾಗಿ ಕಾಣುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದನ್ನು ವಿಭಾಗಕ್ಕೊಂದು ಕೊಂಡು ಸುಮ್ನೆ ಬೀಗ ಹಾಕಿಡುವುದಕ್ಕಿಂತ ಒಂದೇ ಕಡೆ ಇಟ್ಟು ಹಗಲೂ ರಾತ್ರಿ ನಡೆಸುವುದು ಒಳ್ಳೆಯದಲ್ವಾ? ಅದನ್ನು ನೋಡಿಕೊಳ್ಳುವ ತಂತ್ರಜ್ಞರೂ ಬೇಕು. ನನಗೆ ಪ್ರೊಫೆಸರುಗಳಷ್ಟೇ ಕಲಿಸಿದವರು ಅವರು.

ಪ್ರಶ್ನೆ: ಸೇರುವ ಮುಂಚೆ ಒಂದು ಕೇಂದ್ರ ಚೆನ್ನಾಗಿದೆಯೇ ಅಂತ ತಿಳಿಯುವುದು ಹೇಗೆ?

ಉತ್ತರ: ಒಂದು ದಿನ ಹೋಗಿ ಬನ್ನಿ. ಎಷ್ಟು ಯಂತ್ರ ಇದೆ ಅಂತ ಎಣಿಸಬೇಡಿ. ತರಬೇತಿ ಆದ ಮೇಲೆ ಮೈಕ್ರೋಸ್ಕೋಪನ್ನು ವಿದ್ಯಾರ್ಥಿಗಳೇ ನಡೆಸುತ್ತಾರಾ, ಇಲ್ಲ ತುಂಡು ಕೊಟ್ಟು ಫೋಟೋ ತಗೊಂಡು ಬರುತ್ತಾರಾ ಅಂತ ಅಲ್ಲಿ ಓದುತ್ತಿರುವವರನ್ನೇ ಕೇಳಿ. ಹೊರಡುವ ಮುಂಚೆ ಪಾಲಿಶ್ ಮಾಡುವ ಕೋಣೆಗೂ ಇಣುಕಿ. ಚಕ್ರದ ಬಟ್ಟೆ ಒದ್ದೆ ಇದೆಯಾ ನೋಡಿ.