ಆಪರೇಷನ್ ಹೇಗೂ ಮಾಡ್ತಾರೆ, ಮತ್ತೆ ಇನ್ನೊಂದು ಸ್ಕ್ಯಾನ್ ಯಾಕೆ?

ನೀವು ಕೇಳಿದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಮ್ಮನಿಗೆ 24 ವರ್ಷ. ಎರಡು ಸಲ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದಾಗ ಮೆದುಳಿನ ಟೆಂಪೊರಲ್ ಭಾಗದಲ್ಲಿ, ಅಂದರೆ ಕಿವಿಯ ಹತ್ತಿರದ ಪಕ್ಕದಲ್ಲಿ, ಸಣ್ಣ ಗಡ್ಡೆ ಕಂಡಿತು. ರಿಪೋರ್ಟಿನಲ್ಲಿ ಡಿಎನ್‌ಇಟಿ, ಗ್ಯಾಂಗ್ಲಿಯೋಗ್ಲಯೋಮಾ, ಲೋ ಗ್ರೇಡ್ ಗ್ಲಯೋಮಾ ಅಂತ ಮೂರು ಹೆಸರು ಬರೆದು ನಡುವೆ ಓರೆಗೆರೆ ಎಳೆದಿದ್ದಾರೆ. ಈಗ ಸರ್ಜನ್ ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಅನ್ನುವ ಇನ್ನೆರಡು ಬಗೆಯ ಎಂಆರ್‌ಐ ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ. ಗಡ್ಡೆ ತೆಗೆದು ಲ್ಯಾಬಿಗೆ ಕಳಿಸುವುದು ಇದ್ದೇ ಇದೆಯಲ್ಲ, ಇದು ಸುಮ್ನೆ ದುಡ್ಡು ಕೀಳುವ ದಾರಿಯಾ ಅನ್ನುವುದು ನಿಮ್ಮ ಅನುಮಾನ.

ನಾನು ರೇಡಿಯಾಲಜಿಸ್ಟ್. ಹಾಗೆ ಓರೆಗೆರೆ ಎಳೆಯುವವರ ಪೈಕಿ ನಾನೂ ಒಬ್ಬ. ತಮ್ಮನ ಸ್ಕ್ಯಾನ್ ನೋಡದೆ ಅದು ಯಾವ ಗಡ್ಡೆ ಅಂತ ಹೇಳಲಾರೆ. ಆದರೆ ಎರಡನೇ ಸ್ಕ್ಯಾನ್ ಇರುವುದು ಗಡ್ಡೆಗೆ ಹೆಸರಿಡುವುದಕ್ಕಷ್ಟೇ ಅಲ್ಲ. ತಲೆ ತೆರೆಯಬೇಕಾ, ತೆರೆದರೆ ಎಷ್ಟು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಅನ್ನುವುದು ಚಾಕು ಹಿಡಿಯುವ ಮೊದಲೇ ತೀರ್ಮಾನವಾಗಬೇಕು. ಲ್ಯಾಬ್ ರಿಪೋರ್ಟ್ ಬರುವುದು ಆಮೇಲೆ.

ನಿಮ್ಮ ತಮ್ಮನ ರಿಪೋರ್ಟಿನ ಹೆಸರುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ತೆಗೆದುಕೊಳ್ಳಿ; ನಡುವಿನ ಗ್ಯಾಂಗ್ಲಿಯೋಗ್ಲಯೋಮಾ ಕೂಡ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಗಡ್ಡೆಯೇ. ಡಿಎನ್‌ಇಟಿ ಅಪರೂಪದ ಗಡ್ಡೆ. ಸಾಮಾನ್ಯವಾಗಿ ಮೆದುಳಿನ ಹೊರಪದರದಲ್ಲಿ, ಸೆಟ್ ದೋಸೆಯ ಮೇಲೆ ಏಳುವ ತೂತುಗಳ ಹಾಗೆ ಗುಳ್ಳೆಗುಳ್ಳೆಯಾಗಿ ಕಾಣುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಫಿಟ್ಸ್ ರೂಪದಲ್ಲೇ ಗೊತ್ತಾಗುತ್ತದೆ. ಬೆಳೆಯುವುದು ತೀರಾ ಕಡಿಮೆ. ಪೂರ್ತಿ ತೆಗೆದರೆ ಬಹಳ ಜನಕ್ಕೆ ಫಿಟ್ಸೂ ನಿಲ್ಲುತ್ತದೆ, ರೇಡಿಯೇಷನ್ ಬೇಕಾಗುವುದಿಲ್ಲ. 1988ರಲ್ಲಿ ಪ್ಯಾರಿಸ್ಸಿನ ಪೆಥಾಲಜಿಸ್ಟ್ ಡೊಮಾ-ಡ್ಯೂಪೋರ್ ಮತ್ತು ಜೊತೆಯವರು ಇದನ್ನು ಬೇರೆಯೇ ಗಡ್ಡೆ ಅಂತ ಗುರುತಿಸಿದರು. ಅದಕ್ಕೂ ಮೊದಲು ಇದನ್ನೂ ಗ್ಲಯೋಮಾ (ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳ ಗಡ್ಡೆ) ಅಂತಲೇ ಎಣಿಸಿ, ಚಿಕ್ಕ ವಯಸ್ಸಿನವರಿಗೆ ಬೇಡದ ರೇಡಿಯೇಷನ್ ಕೊಟ್ಟದ್ದೂ ಉಂಟು.

ಲೋ ಗ್ರೇಡ್ ಗ್ಲಯೋಮಾ ಹಾಗಲ್ಲ. ಹೆಚ್ಚಾಗಿ ಅದಕ್ಕೆ ನಿಜವಾದ ಅಂಚು ಇರುವುದಿಲ್ಲ. ಹಸಿ ಗೋಡೆಯಲ್ಲಿ ನೀರು ಹರಡಿದ ಹಾಗೆ ಮೆದುಳಿನೊಳಗೆ ಹರಡಿರುತ್ತದೆ. ಅಲ್ಲಿ ಸರ್ಜನ್ ಕಂಡದ್ದಕ್ಕಿಂತ ಜಾಸ್ತಿ ತೆಗೆಯಲು ನೋಡುತ್ತಾರೆ. ಆಗ ಮಾತಿನ ಜಾಗ ಎಲ್ಲಿದೆ, ನೋಟದ ನರದ ದಾರಿ ಎಲ್ಲಿ ಹೋಗುತ್ತದೆ ಅಂತ ತಿಳಿಯಲು ಫಂಕ್ಷನಲ್ ಎಂಆರ್‌ಐ, ಟ್ರಾಕ್ಟೋಗ್ರಫಿ ಕೂಡ ಬೇಕಾಗಬಹುದು.

ಇವೆರಡನ್ನು ಬೇರೆ ಮಾಡುವುದು ಹೇಗೆ? ಒಂದು ಗುರುತಿದೆ. ಟಿ2 ಎಂಬ ಚಿತ್ರದಲ್ಲಿ ಗಡ್ಡೆ ಪೂರ್ತಿ ಬೆಳ್ಳಗಿರುತ್ತದೆ. ಫ್ಲೇರ್ ಎಂಬ ಚಿತ್ರದಲ್ಲಿ ಅದೇ ಗಡ್ಡೆ ಒಳಗೆ ಕಪ್ಪಾಗಿ, ಅಂಚಿನಲ್ಲಿ ಮಾತ್ರ ಬಿಳಿ ಗೆರೆ ಉಳಿಯುತ್ತದೆ. 2017ರಿಂದ ಈಚೆಗೆ ಇದಕ್ಕೆ ಬೆಲೆ ಬಂತು. ದೊಡ್ಡವರಲ್ಲಿ ಇದು ಸ್ಪಷ್ಟವಾಗಿ ಕಂಡರೆ, ಐಡಿಎಚ್ ಅನ್ನುವ ಜೀನ್ ಬದಲಾಗಿರುವ ಆಸ್ಟ್ರೋಸೈಟೋಮಾ, ಅಂದರೆ ಒಂದು ಬಗೆಯ ಗ್ಲಯೋಮಾ, ಇರುವ ಸಾಧ್ಯತೆ ತುಂಬಾ ಹೆಚ್ಚು. ಕಾಣದಿದ್ದರೆ ಏನನ್ನೂ ಹೇಳಲಾಗದು. ತಮಾಷೆ ಅಂದರೆ ಡಿಎನ್‌ಇಟಿ ಕೂಡ ಒಮ್ಮೊಮ್ಮೆ ಇದೇ ವೇಷ ಹಾಕುತ್ತದೆ. ಅದಕ್ಕೇ ಓರೆಗೆರೆ.

ಪರ್ಫ್ಯೂಷನ್ ಗಡ್ಡೆಯೊಳಗಿನ ರಕ್ತದ ಓಡಾಟ ಅಳೆಯುತ್ತದೆ. ಡಿಎನ್‌ಇಟಿಯಲ್ಲಿ ಅದು ಕಡಿಮೆ ಇರುತ್ತದೆ. ಒಂದು ಮೂಲೆಯಲ್ಲಿ ರಕ್ತ ಜಾಸ್ತಿ ಕಂಡರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಬಯಾಪ್ಸಿ ಮಾಡುವುದಾದರೆ ಸೂಜಿಯನ್ನು ಅದೇ ಮೂಲೆಗೆ ಹಾಕಬೇಕು, ಇಲ್ಲದಿದ್ದರೆ ಸಾಧು ಭಾಗದ ಚೂರು ಲ್ಯಾಬಿಗೆ ಹೋಗಿ ತಪ್ಪು ಸಮಾಧಾನ ಸಿಗುತ್ತದೆ.

ಸ್ಪೆಕ್ಟ್ರೋಸ್ಕೋಪಿ ಗಡ್ಡೆಯ ರಾಸಾಯನಿಕಗಳನ್ನು ಗ್ರಾಫಿನಲ್ಲಿ ತೋರಿಸುತ್ತದೆ. ಐಡಿಎಚ್ ಬದಲಾದ ಗಡ್ಡೆಯಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಅನ್ನುವುದು ತುಂಬಿಕೊಳ್ಳುತ್ತದೆ. ತಲೆ ತೆರೆಯದೆ ಅದನ್ನು ಪತ್ತೆ ಮಾಡಬಹುದು ಅಂತ 2012ರಲ್ಲೇ ತೋರಿಸಿದ್ದಾರೆ. ಆದರೆ ಅದಕ್ಕೆ ಬೇರೆಯೇ ಸೆಟ್ಟಿಂಗ್ ಬೇಕು, ಮಾಮೂಲಿ ಸೆಂಟರಿನಲ್ಲಿ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲಿ ನನಗೆ ಕಡಿಮೆ ನಂಬಿಕೆ ಇರುವುದು ಇದರ ಮೇಲೆಯೇ. ಗಡ್ಡೆ ಸಣ್ಣದಿದ್ದು ಮೂಳೆಯ ಪಕ್ಕದಲ್ಲಿದ್ದರೆ ಗ್ರಾಫ್ ಕಲಸುಮೇಲೋಗರ.

ಸ್ಕ್ಯಾನ್ ಓದುವುದರಿಂದ ಆಪರೇಷನ್ನೇ ತಪ್ಪುವುದೂ ಇದೆ. ಕೆಲವು ವರ್ಷದ ಹಿಂದೆ ಅರವತ್ತು ದಾಟಿದವರೊಬ್ಬರು ಬಂದರು. ಮೆದುಳಿನ ನಡುಭಾಗದಲ್ಲಿ ಗಡ್ಡೆ, ಸುತ್ತ ಊತ. ಡಿಫ್ಯೂಷನ್ ಚಿತ್ರದಲ್ಲಿ ಅದು ಹೊಳೆಯುತ್ತಿತ್ತು, ಅಂದರೆ ಕೋಶಗಳು ಜಾತ್ರೆಯ ಹಾಗೆ ಒತ್ತೊತ್ತಾಗಿದ್ದು ನೀರಿಗೆ ಅಲುಗಾಡಲು ಜಾಗವಿರಲಿಲ್ಲ. ಅಷ್ಟಾದರೂ ಪರ್ಫ್ಯೂಷನ್‌ನಲ್ಲಿ ರಕ್ತ ಕಡಿಮೆ. ಗ್ಲಯೊಬ್ಲಾಸ್ಟೋಮಾ ಅನ್ನುವ ಉಗ್ರ ಗ್ಲಯೋಮಾ ಆಗಿದ್ದರೆ ರಕ್ತ ಜಾಸ್ತಿ ಇರಬೇಕಿತ್ತು. ಇದು ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಇರಬಹುದು ಅಂತ ಬರೆದೆ. ಲಿಂಫೋಮಾಗೆ ದೊಡ್ಡ ಆಪರೇಷನ್ ಬೇಡ. ಸೂಜಿಯಲ್ಲಿ ಚೂರು ತೆಗೆದು ಖಚಿತ ಮಾಡಿಕೊಂಡು ಕೀಮೋ ಕೊಡುತ್ತಾರೆ.

ಆದರೆ ಅಷ್ಟರಲ್ಲಿ ಬೇರೆ ಕಡೆ ಊತ ಇಳಿಸಲು ಅವರಿಗೆ ಸ್ಟೀರಾಯ್ಡ್ ಶುರು ಮಾಡಿಬಿಟ್ಟಿದ್ದರು. ಲಿಂಫೋಮಾ ಸ್ಟೀರಾಯ್ಡಿಗೆ ಬೆಲ್ಲದ ಹಾಗೆ ಕರಗುತ್ತದೆ. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಹೆಚ್ಚುಕಡಿಮೆ ಮಾಯ. ಮನೆಯವರು ಹರಕೆ ತೀರಿಸಿ ಬಂದರು. ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ನಾಲ್ಕು ತಿಂಗಳಿಗೆ ಗಡ್ಡೆ ಇನ್ನೊಂದು ಕಡೆ ಎದ್ದು ಬಂತು, ಆಗ ಲಿಂಫೋಮಾ ಅಂತ ಖಚಿತವಾಯಿತು. ಆ ನಾಲ್ಕು ತಿಂಗಳು ಈಗಲೂ ನನ್ನನ್ನು ಕಾಡುತ್ತದೆ. ನಿಮ್ಮ ತಮ್ಮನಿಗೆ ಇದು ಅನ್ವಯಿಸುವುದಿಲ್ಲ, ಹೆದರಬೇಡಿ. ಮತ್ತೆ ಇದನ್ನು ಓದಿ ಯಾರೂ ತಾವಾಗಿಯೇ ಸ್ಟೀರಾಯ್ಡ್ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಎಲ್ಲ ಅಪರೂಪದ ಗಡ್ಡೆಗೂ ದುಬಾರಿ ಸ್ಕ್ಯಾನ್ ಬೇಕು ಅಂತಲೂ ಇಲ್ಲ. ಚಿಕ್ಕಮೆದುಳಿನಲ್ಲಿ ಬರುವ ಲೆರ್ಮಿಟ್-ಡ್ಯೂಕ್ಲೋ ಅಂತ ಒಂದಿದೆ. ಮಾಮೂಲಿ ಎಂಆರ್‌ಐಯಲ್ಲೇ ಹುಲಿವೇಷದ ಪಟ್ಟೆ ಬಳಿದ ಹಾಗೆ ಕಾಣುತ್ತದೆ. ನಾನು ನೋಡಿದ್ದು ಎರಡೇ ಸಲ, ಎರಡು ಸಲವೂ ಕುರ್ಚಿಯಿಂದ ಎದ್ದು ಪಕ್ಕದವರನ್ನು ಕರೆದೆ.

ಇಷ್ಟಾದರೂ ಕೊನೆಯ ಮಾತು ಲ್ಯಾಬಿನದೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಲ್ಲಿ ಬಹಳಷ್ಟು ಮೆದುಳು ಗಡ್ಡೆಗಳಿಗೆ ಜೀನ್ ಪರೀಕ್ಷೆ ಇಲ್ಲದೆ ಪೂರ್ತಿ ಹೆಸರೇ ಸಿಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಎರಡೂ ಅದೇ ಮಷಿನ್‌ನಲ್ಲಿ ಆಗುವಂಥವು. ಮೊದಲ ಸಲವೇ ಸೇರಿಸಿದ್ದರೆ ಚೆನ್ನಾಗಿತ್ತು, ನಿಮ್ಮ ಸಿಟ್ಟಿನಲ್ಲಿ ಆ ಮಟ್ಟಿಗೆ ನ್ಯಾಯವಿದೆ. ಮೊದಲ ಸ್ಕ್ಯಾನ್ ಹೊಸದಾಗಿದ್ದು ಚೆನ್ನಾಗಿ ಬಂದಿದ್ದರೆ, ಬೇಕಾದ ಭಾಗ ಮಾತ್ರ ಮಾಡಿದರೆ ಸಾಲದಾ ಅಂತ ಸರ್ಜನ್ ಹತ್ತಿರ ಕೇಳಿ. ಕೇಳಿದರೆ ತಪ್ಪಿಲ್ಲ. ಹೋಗುವಾಗ ಹಳೆಯದರ ಫಿಲ್ಮ್ ಒಂದನ್ನೇ ಒಯ್ಯಬೇಡಿ, ಸೆಂಟರಿನಲ್ಲಿ ಕೇಳಿ ಸಿಡಿ ಬರೆಸಿಕೊಳ್ಳಿ. ಫಿಲ್ಮಿನಲ್ಲಿ ಅವರು ಆರಿಸಿದ ಚಿತ್ರಗಳಷ್ಟೇ ಇರುತ್ತವೆ. ಸಿಡಿಯಲ್ಲಿ ಎಲ್ಲವೂ ಇರುತ್ತದೆ, ಆ ಬಿಳಿ ಗೆರೆಯ ಗುರುತೂ ಅದರಲ್ಲೇ ಸಿಗಬಹುದು.