ಕಚ್ಚಾ ತೈಲ ಕಾಯಿಸಿ ಇಳಿಸಿದ ಪೆಟ್ರೋಲನ್ನು ನೇರ ಬೈಕಿಗೆ ಹಾಕಬಹುದೇ?

ಎತ್ತರದ ಗೋಪುರಕ್ಕೆ ಕಾದ ಕಚ್ಚಾ ತೈಲ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಸಾಲಾಗಿ ಹೊರಬರುತ್ತವೆ. ಪಾಠದ ಈ ಚಿತ್ರ ನೋಡಿ ನೀವು ಕೇಳಿದ್ದೀರಿ: ಹಾಗೆ ಬಂದ ಪೆಟ್ರೋಲನ್ನು ನೇರವಾಗಿ ಗಾಡಿಗೆ ಹಾಕಬಹುದೇ, ಎಲ್ಲ ಕಚ್ಚಾ ತೈಲದಿಂದಲೂ ಅಷ್ಟೇ ಸಿಗುತ್ತದೆಯೇ? ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ಚಿತ್ರ ತಪ್ಪಲ್ಲ, ಆದರೆ ಅದು ಕೆಲಸದ ಮೊದಲರ್ಧ ಮಾತ್ರ. ಗೋಪುರದಿಂದ ಬರುವುದು ಪೆಟ್ರೋಲ್ ಅಲ್ಲ, ಅದಕ್ಕೆ ಕಚ್ಚಾವಸ್ತುವಾಗುವ ನಾಫ್ತಾ ಎಂಬ ಹಗುರ ದ್ರವ.

ಕಚ್ಚಾ ತೈಲದ ತೂಕದಲ್ಲಿ ನೂರಕ್ಕೆ ಸುಮಾರು 83ರಿಂದ 87 ಪಾಲು ಇಂಗಾಲ, 10ರಿಂದ 14 ಪಾಲು ಹೈಡ್ರೋಜನ್. ಉಳಿದದ್ದು ಗಂಧಕ, ಸಾರಜನಕ, ಒಂದಿಷ್ಟು ಆಮ್ಲಜನಕ, ಅತ್ಯಲ್ಪ ನಿಕ್ಕಲ್ ಮತ್ತು ವನೇಡಿಯಂ. ಇಂಗಾಲ, ಹೈಡ್ರೋಜನ್ ಎರಡೇ ಸೇರಿದ ಹೈಡ್ರೋಕಾರ್ಬನ್ನುಗಳಲ್ಲಿ ಇಲ್ಲಿ ಮೂರು ಬಗೆ: ನೇರ ಅಥವಾ ಕವಲೊಡೆದ ಸರಪಳಿಯ ಪ್ಯಾರಾಫಿನ್, ಉಂಗುರದಂತಿರುವ ನಾಫ್ತೀನ್, ಬೆಂಜೀನ್ ಉಂಗುರವಿರುವ ಅರೋಮ್ಯಾಟಿಕ್. ಸರಪಳಿ ಉದ್ದವಾದಷ್ಟೂ ಅಣುಗಳ ನಡುವಿನ ಸೆಳೆತ ಹೆಚ್ಚು, ಕುದಿಬಿಂದುವೂ ಹೆಚ್ಚು. 3 ಇಂಗಾಲದ ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, 7 ಇಂಗಾಲದ ಹೆಪ್ಟೇನ್ 98ರಲ್ಲಿ, 16 ಇಂಗಾಲದ್ದು 287ರಲ್ಲಿ. ಗೋಪುರ ನೋಡುವುದು ಇದೊಂದನ್ನೇ. ಅಣುವಿನ ಆಕಾರ ಅದಕ್ಕೆ ಬೇಕಿಲ್ಲ.

ಇಂಜಿನ್ನಿಗೆ ಬೇಕಾದದ್ದು ಆಕಾರ. 8 ಇಂಗಾಲ, 18 ಹೈಡ್ರೋಜನ್ ಇರುವ ಅಣುವನ್ನು 18 ರೀತಿ ಜೋಡಿಸಬಹುದು. ಒತ್ತಡದಲ್ಲಿ ತಾನೇ ಹೊತ್ತಿಕೊಳ್ಳದೆ ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ; ಚೆನ್ನಾಗಿ ಕವಲೊಡೆದ ಐಸೋಆಕ್ಟೇನಿಗೆ ಅದು 100 ಎಂದು ಇಟ್ಟಿದ್ದಾರೆ, ನೇರ ಹೆಪ್ಟೇನಿಗೆ ಸೊನ್ನೆ. ಅದೇ 8 ಇಂಗಾಲ ನೇರ ಸಾಲಿನಲ್ಲಿದ್ದರೆ ಸಂಖ್ಯೆ ಸೊನ್ನೆಗಿಂತಲೂ ಕೆಳಗೆ! ನೇರ ಸರಪಳಿ ಒತ್ತಡಕ್ಕೆ ಸಿಕ್ಕಾಗ ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ತಾನೇ ಹೊತ್ತಿಕೊಳ್ಳುತ್ತದೆ. ಇಂಜಿನ್ ಟಕಟಕ ಬಡಿಯುವುದು ಅದಕ್ಕೇ, ಮುಂದುವರಿದರೆ ಪಿಸ್ಟನ್ನಿನ ಮೇಲ್ಮೈ ಹಾಳು. ಗೋಪುರದ ನಾಫ್ತಾದ ಆಕ್ಟೇನ್ ಸಾಮಾನ್ಯವಾಗಿ 40ರಿಂದ 70, ನಮ್ಮ ಬಿಎಸ್-6 (ಭಾರತದ ವಾಹನ ಮಾಲಿನ್ಯ ಮಾನದಂಡ) ಪೆಟ್ರೋಲಿಗೆ 90ಕ್ಕಿಂತ ಹೆಚ್ಚು ಬೇಕು. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಇಲ್ಲ, ತಾನೇ ಹೊತ್ತಿಕೊಳ್ಳಬೇಕು. ಹಾಗಾಗಿ ಅಲ್ಲಿ ನೇರ ಸರಪಳಿಯೇ ಒಳ್ಳೆಯದು.

ಆದ್ದರಿಂದ ನಾಫ್ತಾವನ್ನು ಅಣುವಿನ ಆಕಾರ ಬದಲಿಸುವ ಘಟಕಕ್ಕೆ, ಅಂದರೆ ರಿಫಾರ್ಮರಿಗೆ, ಕಳಿಸುತ್ತಾರೆ. ಸುಮಾರು 500 ಡಿಗ್ರಿಯಲ್ಲಿ, ಪ್ಲಾಟಿನಂ ಕ್ಯಾಟಲಿಸ್ಟಿನ (ಕ್ರಿಯೆಗೆ ವೇಗ ಕೊಡುವ ವಸ್ತು) ಮೇಲೆ ಹಾದಾಗ ಹೆಪ್ಟೇನಿನ ಸರಪಳಿ ಮಡಚಿ ಉಂಗುರವಾಗಿ, 4 ಹೈಡ್ರೋಜನ್ ಅಣುಗಳನ್ನು ಬಿಟ್ಟು ಟಾಲ್ಯೂಯೀನ್ ಆಗುತ್ತದೆ. ಸೊನ್ನೆ ಇದ್ದ ಆಕ್ಟೇನ್ 100 ದಾಟುತ್ತದೆ. ಹಾಗಂತ ಪೂರ್ತಿ ಇದನ್ನೇ ತುಂಬಿಸುವಂತಿಲ್ಲ. ಇದರ ಜೊತೆ ಹುಟ್ಟುವ ಬೆಂಜೀನ್ ಕ್ಯಾನ್ಸರ್‌ಕಾರಕ, ಪೆಟ್ರೋಲಿನಲ್ಲಿ ಅದಕ್ಕೆ ನೂರಕ್ಕೆ 1ರ ಮಿತಿ ಇದೆ. ಈ ಪ್ಲಾಟಿನಂ ಗಂಧಕ ಕಂಡರೆ ವಿಷವುಂಡಂತೆ ಕೆಡುತ್ತದೆ, ಹಾಗಾಗಿ ನಾಫ್ತಾದ ಗಂಧಕ ಮೊದಲೇ ತೆಗೆಯಲೇಬೇಕು. ತೆಗೆಯಲು ಹೈಡ್ರೋಜನ್ ಬೇಕು, ಅದರಲ್ಲಿ ಒಂದು ಪಾಲು ಈ ರಿಫಾರ್ಮರಿನಿಂದಲೇ ಬರುತ್ತದೆ. ರಿಫೈನರಿಯಲ್ಲಿ ನನಗೆ ಅತ್ಯಂತ ಜಾಣತನದ ಏರ್ಪಾಡು ಅನ್ನಿಸುವುದು ಇದೇ.

ಇನ್ನು ಗೋಪುರದ ತಳದಲ್ಲಿ ಉಳಿಯುವ ದಪ್ಪ ಎಣ್ಣೆ. ಕಚ್ಚಾ ತೈಲವನ್ನು ಸುಮಾರು 350ರಿಂದ 370 ಡಿಗ್ರಿಗೆ ಕಾಯಿಸಿ ಒಳಬಿಡುತ್ತಾರೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಅಣುಗಳು ಅಡ್ಡಾದಿಡ್ಡಿ ಒಡೆದು ಕುಲುಮೆಯ ಕೊಳವೆಗಳಲ್ಲಿ ಕೋಕ್ ಎಂಬ ಗಟ್ಟಿ ಇಂಗಾಲ ಕಟ್ಟುತ್ತದೆ. ಅದಕ್ಕೆ ತಳದ ಎಣ್ಣೆಯನ್ನು ನಿರ್ವಾತ ಗೋಪುರಕ್ಕೆ ಹಾಕುತ್ತಾರೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ಅಲ್ಲಿ ಸಿಕ್ಕಿದ್ದನ್ನು ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಕ್ಯಾಟಲಿಸ್ಟಿನಲ್ಲಿ ಬೇಕೆಂದೇ ಒಡೆಯುತ್ತಾರೆ. ಲೆಕ್ಕ ನೋಡಿ: 16 ಇಂಗಾಲ, 34 ಹೈಡ್ರೋಜನ್ ಇರುವ ಅಣು ಸರಿಯಾಗಿ ನಡುವೆ ಮುರಿದರೆ ಒಂದು ತುಂಡಿಗೆ 8 ಮತ್ತು 18, ಇನ್ನೊಂದಕ್ಕೆ 8 ಮತ್ತು 16. ಎರಡು ಹೈಡ್ರೋಜನ್ ಕಡಿಮೆ ಬಿದ್ದ ತುಂಡಿನಲ್ಲಿ ಎರಡು ಇಂಗಾಲಗಳ ನಡುವೆ ಜೋಡಿಬಂಧ ಬರುತ್ತದೆ. ಅದೇ ಓಲಿಫಿನ್. ಕಚ್ಚಾ ತೈಲದಲ್ಲಿ ಓಲಿಫಿನ್ ಇಲ್ಲವೆನ್ನುವಷ್ಟು ಕಡಿಮೆ, ಅದು ಹುಟ್ಟುವುದೇ ಒಡೆದಾಗ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಹೀಗೆ ಸಿಗುವ ಪ್ರೊಪಿಲೀನ್ ಎಂಬ ಓಲಿಫಿನ್ ಅಲ್ಲೇ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಆಗುತ್ತದೆ.

ಪಾಠದಲ್ಲಿ ಬಾರದ ಇನ್ನೊಂದು ಹಂತ ಉಪ್ಪು ತೆಗೆಯುವುದು. ಕಚ್ಚಾ ತೈಲದ ಜೊತೆ ಬರುವ ನೀರಿನ ಹನಿಗಳಲ್ಲಿ ಉಪ್ಪಿರುತ್ತದೆ. ಕುಲುಮೆಯ ಬಿಸಿಗೆ ಮೆಗ್ನೀಷಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಟು, ಗೋಪುರದ ತಲೆಯಲ್ಲಿ ನೀರು ತಂಪಾಗುವ ಕಡೆ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ. ಅದಕ್ಕಾಗಿ ಮೊದಲೇ ಸುಮಾರು 120ರಿಂದ 140 ಡಿಗ್ರಿಯಲ್ಲಿ ಸ್ವಲ್ಪ ನೀರು ಬೆರೆಸಿ, ವಿದ್ಯುತ್ ಕ್ಷೇತ್ರದಲ್ಲಿ ಹನಿಗಳನ್ನು ಒಂದುಗೂಡಿಸಿ, ತಳಕ್ಕೆ ಇಳಿದ ಉಪ್ಪುನೀರನ್ನು ಹೊರಬಿಡುತ್ತಾರೆ.

ಪ್ರಮಾಣದ ಪ್ರಶ್ನೆಗೆ ಬಂದರೆ, ಮುಂಬೈ ಕಡಲಿನ ಬಾಂಬೆ ಹೈ ತೈಲ ಹಗುರ, ಗಂಧಕವೂ ಕಡಿಮೆ. ಕೊಲ್ಲಿಯ ಅನೇಕ ತೈಲಗಳಲ್ಲಿ ಗಂಧಕ ನೂರಕ್ಕೆ 2ರ ಆಸುಪಾಸು. ರಾಜಸ್ಥಾನದ ಬಾರ್ಮೇರಿನ ಮಂಗಳಾ ತೈಲದಲ್ಲಿ ಗಂಧಕ ಕಡಿಮೆ, ಆದರೆ ಉದ್ದ ಸರಪಳಿಯ ಮೇಣ ವಿಪರೀತ. ತಣ್ಣಗಾದರೆ ಗಟ್ಟಿಯಾಗುವುದರಿಂದ ಗುಜರಾತಿಗೆ ಹೋಗುವ ಕೊಳವೆಯನ್ನು ಉದ್ದಕ್ಕೂ ಬಿಸಿ ಇಡಬೇಕು. ಹಗುರ ತೈಲದಲ್ಲಿ ನಾಫ್ತಾ ಹೆಚ್ಚು, ಭಾರದ್ದರಲ್ಲಿ ತಳದ ಎಣ್ಣೆ ಹೆಚ್ಚು. ಯಾವುದನ್ನು ಕೊಂಡರೆ ಗಿಟ್ಟುತ್ತದೆ ಎಂಬುದು ಒಡೆಯುವ, ಗಂಧಕ ತೆಗೆಯುವ ಘಟಕ ಆ ರಿಫೈನರಿಯಲ್ಲಿ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.