ಮನೆಯ ಚಿತ್ರಮಂದಿರ: ಮೊದಲು ಆಸನ, ಆಮೇಲೆ ಪರದೆ

ಪ್ರಶ್ನೆ: 5 ಮೀಟರ್ ಉದ್ದ, 3.6 ಮೀಟರ್ ಅಗಲದ ಒಂದು ಕೋಣೆಯನ್ನು ಸಿನಿಮಾ ನೋಡುವುದಕ್ಕೆಂದೇ ತೆಗೆದಿರಿಸಿದ್ದೇವೆ. ಅಗಲ ಕಡಿಮೆಯಿರುವ ಗೋಡೆಯ ಮೇಲೆ 120 ಅಂಗುಲದ (ಮೂಲೆಯಿಂದ ಎದುರು ಮೂಲೆಗೆ ಅಳೆದದ್ದು) ಪರದೆ ಹಾಕಿ, ಸೋಫಾವನ್ನು ಎದುರಿನ ಗೋಡೆಗೆ ಆನಿಸಿ ಇಡುವ ಯೋಚನೆಯಿದೆ. ಗೋಡೆಗಳಿಗೂ ಚಾವಣಿಗೂ ಬಿಳಿ ಬಣ್ಣವಿದೆ. ಹೆಚ್ಚು ಗೇನ್ ಇರುವ, ಅಂದರೆ ಬೆಳಕನ್ನು ಎದುರಿಗೆ ಹೆಚ್ಚಾಗಿ ಮರಳಿಸುವ ಪರದೆ ಕೊಂಡರೆ ಚಿತ್ರ ಚೆನ್ನಾಗಿ ಬರುತ್ತದೆಯೇ?

ಉತ್ತರ: ಪರದೆಯ ಅಳತೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ನೀವು ಕೂರುವ ಜಾಗವನ್ನು ಗೊತ್ತುಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ, ಚಿತ್ರವೂ ಧ್ವನಿಯೂ ಆ ಒಂದು ಬಿಂದುವಿನಿಂದಲೇ ಅಳೆಯಲ್ಪಡುತ್ತವೆ. ಸೋಫಾ ಹಿಂಗೋಡೆಗೆ ಆನಿಕೊಂಡಿದ್ದರೆ ನಿಮ್ಮ ಕಣ್ಣು ಪರದೆಯಿಂದ ಸುಮಾರು 4.6 ಮೀಟರ್ ದೂರದಲ್ಲಿರುತ್ತದೆ, ಅಲ್ಲಿಂದ 2.66 ಮೀಟರ್ ಅಗಲದ 120 ಅಂಗುಲದ ಪರದೆ ಕಣ್ಣಿಗೆ 32 ಡಿಗ್ರಿಯಷ್ಟು ವಿಸ್ತಾರವಾಗಿ ಕಾಣುತ್ತದೆ. ಅದೇ ಸೋಫಾವನ್ನು ಮುಂದಕ್ಕೆ ತಂದು 3.3 ಮೀಟರ್ ದೂರದಲ್ಲಿ ಕೂತರೆ, 2.21 ಮೀಟರ್ ಅಗಲದ 100 ಅಂಗುಲದ ಪರದೆಯೇ 37 ಡಿಗ್ರಿಯನ್ನು ತುಂಬುತ್ತದೆ. ಸಿನಿಮಾ ನೋಡಲು ಹಿತವೆನಿಸುವ ವಿಸ್ತಾರ ಸಾಮಾನ್ಯವಾಗಿ 30 ಮತ್ತು 40 ಡಿಗ್ರಿಗಳ ನಡುವೆ ಇರುವುದರಿಂದ, ಚಿಕ್ಕ ಪರದೆಯಲ್ಲಿ ದೊಡ್ಡ ಚಿತ್ರವನ್ನು ನೋಡುವ ಅವಕಾಶ ನಿಮ್ಮ ಕೋಣೆಯಲ್ಲಿದೆ.

ಇದರ ಲಾಭ ಬೆಳಕಿನಲ್ಲೂ ಸಿಗುತ್ತದೆ. ಪ್ರೊಜೆಕ್ಟರಿನ ಲ್ಯೂಮೆನ್ ಸಂಖ್ಯೆಯನ್ನು (ಅದು ಹೊರಸೂಸುವ ಒಟ್ಟು ಬೆಳಕಿನ ಅಳತೆ) ಪರದೆಯ ಗೇನ್‌ನಿಂದ ಗುಣಿಸಿ, ಬಂದದ್ದನ್ನು ಚದರ ಮೀಟರಿನಲ್ಲಿ ಅಳೆದ ವಿಸ್ತೀರ್ಣದ 3.14 ಪಟ್ಟಿನಿಂದ ಭಾಗಿಸಿದರೆ ಪರದೆಯ ಹೊಳಪು ನಿಟ್‌ಗಳಲ್ಲಿ ದೊರೆಯುತ್ತದೆ. ಬಣ್ಣಗಳನ್ನು ಸರಿಯಾಗಿ ಹೊಂದಿಸಿದ ಮೇಲೆ ನಿಮ್ಮ ಯಂತ್ರ 800 ಲ್ಯೂಮೆನ್ ಕೊಡುತ್ತದೆಂದು ಇಟ್ಟುಕೊಳ್ಳೋಣ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿಯನ್ನು ಈ ಲೆಕ್ಕಕ್ಕೆ ತರಬೇಡಿ, ಏಕೆಂದರೆ ಅದು ಬಹುತೇಕ ಬಣ್ಣದ ನಿಖರತೆಯನ್ನು ಬಿಟ್ಟುಕೊಟ್ಟು ಪಡೆದ ಬೆಳಕು. ಗೇನ್ 1.0 ಇರುವ ಪರದೆಯಲ್ಲಿ ಈ 800 ಲ್ಯೂಮೆನ್ 100 ಅಂಗುಲಕ್ಕೆ ಸುಮಾರು 92 ನಿಟ್ ಆಗುತ್ತದೆ, 120 ಅಂಗುಲಕ್ಕೆ 64 ನಿಟ್ ಆಗುತ್ತದೆ. ಡಿಜಿಟಲ್ ಚಿತ್ರಮಂದಿರಗಳ ಮಾನದಂಡ 48 ನಿಟ್ ಆಗಿರುವುದರಿಂದ ಎರಡೂ ಸಾಕೆಂದು ತೋರಬಹುದು. ಆದರೆ ದೀಪ ಬಳಸುವ ಪ್ರೊಜೆಕ್ಟರಿನಲ್ಲಿ ಆಯುಷ್ಯ ಮುಗಿಯುವ ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. ಆಗ ದೊಡ್ಡ ಪರದೆ 32 ನಿಟ್‌ಗೆ ಕುಸಿದು ಮಂಕಾದರೆ, 100 ಅಂಗುಲದ್ದು 46 ನಿಟ್‌ನಲ್ಲಿ ಇನ್ನೂ ನೋಡುವಂತೆ ಉಳಿದಿರುತ್ತದೆ.

ಗೇನ್ ಎಂಬುದು ಹೊಸದಾಗಿ ಹುಟ್ಟುವ ಬೆಳಕಲ್ಲ. ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಬೇಕಾದ ಬೆಳಕನ್ನು ಪರದೆ ಎದುರಿನ ಕಡೆಗೆ ಹೆಚ್ಚಾಗಿ ತಿರುಗಿಸಿದ್ದರ ಅಳತೆ. ಅದು ಏರಿದಂತೆ ಪಕ್ಕದಲ್ಲಿ ಕೂತವರಿಗೆ ಚಿತ್ರ ಮಬ್ಬಾಗುತ್ತದೆ, ಪರದೆಯ ನಡುಭಾಗ ಅಂಚಿಗಿಂತ ಹೆಚ್ಚು ಬೆಳಗುತ್ತದೆ. ಕತ್ತಲಾಗಿಸಬಹುದಾದ ನಿಮ್ಮ ಕೋಣೆಗೆ 1.0ರ ಸುತ್ತಮುತ್ತಲಿನ, ಹೊಳಪಿಲ್ಲದ ಬಿಳಿ ಪರದೆಯೇ ಸಾಕು. ನಿಜವಾದ ತೊಂದರೆ ನಿಮ್ಮ ಬಿಳಿ ಗೋಡೆಗಳದು. ಪರದೆಯಿಂದ ಹೊರಟ ಬೆಳಕು ಗೋಡೆಗೂ ಚಾವಣಿಗೂ ಬಡಿದು ಮತ್ತೆ ಪರದೆಗೇ ಮರಳಿ, ಕಪ್ಪಾಗಿರಬೇಕಾದ ಭಾಗಗಳನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಪರದೆಯಿರುವ ಗೋಡೆಗೂ, ಅದರಿಂದ ಎರಡು ಮೀಟರ್ ದೂರದವರೆಗಿನ ಪಕ್ಕದ ಗೋಡೆ ಮತ್ತು ಚಾವಣಿಗೂ ಗಾಢವಾದ, ಮಿರುಗದ ಬಣ್ಣ ಬಳಿಯಿರಿ ಅಥವಾ ದಟ್ಟ ಬಣ್ಣದ ಬಟ್ಟೆಯ ಪರದೆಗಳನ್ನು ಇಳಿಬಿಡಿ. ದುಬಾರಿ ಪರದೆಗೆ ಮೀಸಲಿಟ್ಟ ಹಣದ ಒಂದು ಪಾಲನ್ನು ಇದಕ್ಕೆ ಕೊಟ್ಟವರು ನಿರಾಶರಾದದ್ದನ್ನು ನಾನು ಕಂಡಿಲ್ಲ. ದೀಪ ಆರಿಸಲಾಗದ ಹಜಾರದಲ್ಲಿ ನೋಡುವವರಿಗೆ ಮಾತ್ರ, ಮೇಲಿನಿಂದ ಮತ್ತು ಪಕ್ಕದಿಂದ ಬರುವ ಬೆಳಕನ್ನು ತಡೆಯುವ ಬೂದು ಪರದೆಗಳನ್ನು ಸೂಚಿಸುತ್ತೇನೆ.

ಪರದೆಯ ಕೆಳಅಂಚನ್ನು ನೆಲದಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ. 100 ಅಂಗುಲದ ಪರದೆಯ ಎತ್ತರ 125 ಸೆಂಟಿಮೀಟರ್ ಇರುವುದರಿಂದ, ಕೂತವರ ಕಣ್ಣು ಅದರ ಕೆಳಗಿನ ಮೂರನೆಯ ಒಂದು ಭಾಗಕ್ಕೆ ನೇರವಾಗಿ ಬಂದು, ಎರಡೂವರೆ ಗಂಟೆಯ ಚಿತ್ರ ಮುಗಿದಾಗಲೂ ಕುತ್ತಿಗೆ ನೋಯುವುದಿಲ್ಲ.

ಪ್ರಶ್ನೆ: ಸೆಂಟರ್ ಸ್ಪೀಕರನ್ನು ಪರದೆಯ ಕೆಳಗೆ ಇಟ್ಟಿದ್ದೇನೆ. ಪಾತ್ರಗಳ ಮಾತು ನೆಲದಿಂದ ಬಂದಂತೆ ಕೇಳಿಸುತ್ತದೆ. ರಂಧ್ರಗಳಿರುವ ಪರದೆ ಹಾಕಿ ಅದರ ಹಿಂದೆ ಸ್ಪೀಕರ್ ಇಡಬೇಕೇ?

ಉತ್ತರ: ಪರದೆಯನ್ನು ಬದಲಿಸುವ ಮೊದಲು ಸ್ಪೀಕರಿನ ಮುಂಭಾಗವನ್ನು ಮೇಲಕ್ಕೆತ್ತಿ, ಅದರ ಟ್ವೀಟರ್ (ತಾರಸ್ವರಗಳನ್ನು ಹೊರಡಿಸುವ ಚಿಕ್ಕ ಭಾಗ) ನಿಮ್ಮ ಕಿವಿಯತ್ತ ನೋಡುವಂತೆ ಓರೆಮಾಡಿ. ಸ್ಪೀಕರ್ ಕಪಾಟಿನ ಒಳಕ್ಕೆ ಸರಿದಿದ್ದರೆ ಮುಂದಿನ ಅಂಚಿನವರೆಗೆ ಎಳೆಯಿರಿ. ಎಡಬಲದ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ನಮ್ಮ ಕಿವಿ ಮೇಲುಕೆಳಗಿನ ವ್ಯತ್ಯಾಸವನ್ನು ಗುರುತಿಸುವುದಿಲ್ಲ, ಜೊತೆಗೆ ತುಟಿಯ ಚಲನೆಯನ್ನು ನೋಡುತ್ತಿರುವ ಕಣ್ಣು ಧ್ವನಿಯನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಹೀಗಾಗಿ ಅನೇಕ ಮನೆಗಳಲ್ಲಿ ಈ ದೋಷ ಇಷ್ಟರಿಂದಲೇ ಮರೆಯಾಗುತ್ತದೆ.

ಧ್ವನಿ ಹಾಯಬಲ್ಲ ಪರದೆ ಖಂಡಿತವಾಗಿಯೂ ಉತ್ತಮ ಪರಿಹಾರ, ಚಿತ್ರಮಂದಿರಗಳು ಅದನ್ನೇ ಬಳಸುತ್ತವೆ. ಮನೆಯಲ್ಲಿ ಪರದೆಗೆ ಹತ್ತಿರ ಕೂರುವುದರಿಂದ ರಂಧ್ರಗಳು ಕಾಣಿಸಬಹುದು, ಪಿಕ್ಸೆಲ್‌ಗಳ ಸಾಲಿನೊಡನೆ ಸೇರಿ ಅಲೆಯಂತಹ ವಿನ್ಯಾಸ ಮೂಡಿಸಲೂಬಹುದು. ಆದ್ದರಿಂದ ನವುರಾಗಿ ನೇಯ್ದ ಬಟ್ಟೆಯ ಪರದೆಯನ್ನು ಆರಿಸಿಕೊಳ್ಳಿ. ಒಂದಿಷ್ಟು ಬೆಳಕೂ ಒಂದಿಷ್ಟು ತಾರಸ್ವರಗಳೂ ಅದರಲ್ಲಿ ಸೋರಿಹೋಗುತ್ತವೆ. ಧ್ವನಿಯ ನಷ್ಟವನ್ನು ಸ್ಪೀಕರುಗಳನ್ನು ನಡೆಸುವ ರಿಸೀವರಿನಲ್ಲಿ ತುಂಬಿಕೊಳ್ಳಬಹುದು. ಸ್ಪೀಕರನ್ನು ಬಟ್ಟೆಗೆ ತಾಗಿಸದೆ 15ರಿಂದ 30 ಸೆಂಟಿಮೀಟರ್ ಹಿಂದಿಟ್ಟು, ಹಿಂಭಾಗವನ್ನೆಲ್ಲ ಕಪ್ಪಾಗಿಸಿ. ಇಲ್ಲವಾದರೆ ಹಾದುಹೋದ ಬೆಳಕು ಸ್ಪೀಕರಿನ ಆಕಾರವನ್ನೇ ಬೆಳಗಿ ತೋರಿಸುತ್ತದೆ.

ಪ್ರಶ್ನೆ: ಮಂದ್ರಸ್ವರಗಳಿಗೆಂದೇ ಇರುವ ಸ್ಪೀಕರಾದ ಸಬ್‌ವೂಫರನ್ನು ಮೂಲೆಯಲ್ಲಿಟ್ಟರೆ ಮನೆಯೆಲ್ಲ ಗುಂಯ್‌ಗುಡುತ್ತದೆ, ಆದರೆ ನಡುವಿನ ಆಸನದಲ್ಲಿ ಮಂದ್ರಸ್ವರವೇ ಕೇಳಿಸುವುದಿಲ್ಲ. ಯಂತ್ರವೇ ಕೆಟ್ಟಿದೆಯೇ?

ಉತ್ತರ: ಯಂತ್ರ ಸರಿಯಾಗಿದೆ, ಕೋಣೆ ತನ್ನ ಸ್ವಭಾವವನ್ನು ತೋರಿಸುತ್ತಿದೆ. ಎರಡು ಗೋಡೆಗಳ ನಡುವಿನ ದೂರದ ಎರಡು ಪಟ್ಟಿಗೆ ಸಮನಾದ ತರಂಗ ಅಲ್ಲಿ ನಿಂತುಬಿಡುತ್ತದೆ. ಉದಾಹರಣೆಗೆ, 5 ಮೀಟರ್ ಉದ್ದಕ್ಕೆ ಅದರ ಆವೃತ್ತಿ ಸುಮಾರು 34 ಹರ್ಟ್ಸ್, 3.6 ಮೀಟರ್ ಅಗಲಕ್ಕೆ 48 ಹರ್ಟ್ಸ್. ಈ ನಿಂತ ತರಂಗ ಗೋಡೆಗಳ ಬಳಿ ಅತ್ಯಂತ ಜೋರಾಗಿಯೂ ನಟ್ಟನಡುವೆ ಬಹುತೇಕ ಶೂನ್ಯವಾಗಿಯೂ ಇರುತ್ತದೆ. ಕೋಣೆಯ ಮಧ್ಯದಲ್ಲಿ ಕೂತವರಿಗೆ ಮಂದ್ರ ಮಾಯವಾಗುವುದಕ್ಕೂ, ಹಿಂಗೋಡೆಗೆ ಒರಗಿದವರಿಗೆ ಅದು ಊದಿಕೊಂಡು ಕೇಳುವುದಕ್ಕೂ ಇದೇ ಕಾರಣ. ಮೊದಲ ಪತ್ರ ಬರೆದ ಓದುಗರಿಗೆ ಆಸನವನ್ನು ಹಿಂಗೋಡೆಯಿಂದ 1.7 ಮೀಟರ್ ಮುಂದೆ ತನ್ನಿರೆಂದು ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಕೋಣೆಯ ಉದ್ದದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಈ ಏರಿಳಿತ ಸೌಮ್ಯವಾಗಿರುತ್ತದೆ.

ಸಬ್‌ವೂಫರಿನ ಜಾಗ ಹುಡುಕಲು ಹಳೆಯದೊಂದು ಉಪಾಯವಿದೆ, ನಾನು ಇಂದಿಗೂ ಅದನ್ನೇ ನಂಬುತ್ತೇನೆ. ಸಬ್‌ವೂಫರನ್ನು ನೀವು ಕೂರುವ ಆಸನದ ಮೇಲೆಯೇ ಇಟ್ಟು, ಮಂದ್ರ ಸ್ಥಾಯಿಯಲ್ಲಿ ಏರಿಳಿಯುವ ಸಂಗೀತವನ್ನು ನುಡಿಸಿ, ಗೋಡೆಯಂಚಿನಲ್ಲಿ ಮೊಣಕಾಲೂರಿ ಸರಿಯುತ್ತ ಆಲಿಸಿ. ಎಲ್ಲಿ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಕೇಳುತ್ತದೆಯೋ ಅಲ್ಲಿ ಸಬ್‌ವೂಫರನ್ನು ಇಡಿ. ಎರಡನ್ನು ಕೊಳ್ಳುವ ಶಕ್ತಿಯಿದ್ದರೆ ಒಂದನ್ನು ಮುಂಗೋಡೆಯ ಮಧ್ಯದಲ್ಲಿ, ಇನ್ನೊಂದನ್ನು ಹಿಂಗೋಡೆಯ ಮಧ್ಯದಲ್ಲಿ ಇಡಬಹುದು. ಆಗ ಉದ್ದ ಮತ್ತು ಅಗಲ ಎರಡರ ಮೊದಲ ನಿಂತ ತರಂಗವೂ ಏಳುವುದೇ ಇಲ್ಲ.

ಪ್ರಶ್ನೆ: ಉಳಿದ ನಾಲ್ಕು ಸ್ಪೀಕರುಗಳನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು?

ಉತ್ತರ: ಮುಂದಿನ ಎಡಬಲದವು ಆಸನದಿಂದ ನೋಡಿದಾಗ ನೇರ ಎದುರಿನ ಗೆರೆಗೆ ತಲಾ 22ರಿಂದ 30 ಡಿಗ್ರಿಯಲ್ಲಿ, ಟ್ವೀಟರ್ ಕಿವಿಯ ಮಟ್ಟದಲ್ಲಿ ಇರಲಿ. ಸುತ್ತಲಿನ ಧ್ವನಿ ಕೊಡುವ ಸರೌಂಡ್ ಸ್ಪೀಕರುಗಳನ್ನು ಪಕ್ಕದಲ್ಲಿ, ತುಸು ಹಿಂದೆ, ಅಂದರೆ ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ. ದೂರಗಳನ್ನು ಅಳೆದು ರಿಸೀವರಿಗೆ ತಿಳಿಸುವುದನ್ನು ಮರೆಯಬೇಡಿ, ಏಕೆಂದರೆ ಧ್ವನಿಗೆ 34 ಸೆಂಟಿಮೀಟರ್ ಸಾಗಲು ಒಂದು ಮಿಲಿಸೆಕೆಂಡ್ ಬೇಕು. ರಿಸೀವರ್ ತಾನೇ ಅಳೆದಾಗ ಸಬ್‌ವೂಫರಿನ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚಾಗಿ ತೋರಿಸಿದರೆ ತಿದ್ದಬೇಡಿ. ಸಬ್‌ವೂಫರಿನ ಒಳಗಿನ ವಿದ್ಯುತ್ ಮಂಡಲಗಳಲ್ಲಾಗುವ ವಿಳಂಬವನ್ನೂ ಅದು ದೂರವೆಂದೇ ಎಣಿಸಿರುತ್ತದೆ.

ಪ್ರಶ್ನೆ: ಪರದೆಯ ಬದಲು ಗೋಡೆಯನ್ನೇ ಬಳಸಬಹುದೇ?

ಉತ್ತರ: ಧಾರಾಳವಾಗಿ ಬಳಸಬಹುದು. ಗೋಡೆಯನ್ನು ಉಜ್ಜಿ ನುಣುಪಾಗಿಸಿ, ಮಿರುಗದ ಬಿಳಿ ಬಣ್ಣ ಬಳಿದು, ಚಿತ್ರದ ಸುತ್ತ ಕಪ್ಪು ಪಟ್ಟಿ ಅಂಟಿಸಿ. ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿ ನಿಲ್ಲಿಸಿ. ಓರೆಯಾದ ಚಿತ್ರವನ್ನು ಕೀಸ್ಟೋನ್ ಸೌಲಭ್ಯದಿಂದ ಸರಿಪಡಿಸಿದರೆ ಪಿಕ್ಸೆಲ್‌ಗಳು ವ್ಯರ್ಥವಾಗಿ ಸ್ಪಷ್ಟತೆ ತಗ್ಗುತ್ತದೆ. ಕೆಲವು ತಿಂಗಳು ಹೀಗೆಯೇ ನೋಡಿ, ಯಾವ ಅಳತೆ ನಿಮಗೆ ಒಗ್ಗುತ್ತದೆಂದು ತಿಳಿದ ಮೇಲೆ ಪರದೆ ಕೊಳ್ಳಿ.